ಕೇಪ್ ಬಫಲೋ ಶಿಕಾರಿ: ಮೊದಲು ಕೋಣ, ಆಮೇಲೆ ಕಾಡು, ಕೊನೆಗೆ ರೈಫಲ್

ಆಫ್ರಿಕಾದ ಕಾಡೆಮ್ಮೆಯಾದ ಕೇಪ್ ಬಫಲೋ ಶಿಕಾರಿಯ ಬಗ್ಗೆ ಓದಲು ಕೂತವರೆಲ್ಲ ಮೊದಲು ಹುಡುಕುವುದು ಕ್ಯಾಲಿಬರ್, ಅಂದರೆ ಇಂಚಿನಲ್ಲಿ ಹೇಳುವ ಗುಂಡಿನ ವ್ಯಾಸ. .375 ಸಾಕಾ, .416 ಬೇಕಾ, .458 ಇಲ್ಲದೆ ಆಗುವುದೇ ಇಲ್ವಾ? ನಾನು ಅದನ್ನು ಬೇಕೆಂದೇ ಕೊನೆಗೆ ಇಟ್ಟಿದ್ದೇನೆ. ಎಂಥ ಕೋಣ, ಎಂಥ ಕಾಡು, ಎಷ್ಟು ದೂರದಿಂದ ಗುಂಡು ಹಾರಿಸಬೇಕಾಗುತ್ತದೆ ಅನ್ನುವುದು ಗೊತ್ತಾದರೆ ರೈಫಲ್ ಪ್ರಶ್ನೆ ಅರ್ಧ ತಾನಾಗಿಯೇ ಬಗೆಹರಿಯುತ್ತದೆ.

ಇದು ಪೂರ್ತಿ ಆಫ್ರಿಕಾದ ವಿಷಯ. ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಹವ್ಯಾಸದ ಶಿಕಾರಿಗೆ ಜಾಗವಿಲ್ಲ. ನಮ್ಮ ಕಾಟಿ ಆ ಕಾಯ್ದೆಯ ಮೊದಲ ಶೆಡ್ಯೂಲ್‌ನಲ್ಲೇ ಇದೆ. ಹೊರದೇಶದಲ್ಲಿದ್ದು ಕಾನೂನಿನ ಪ್ರಕಾರ ಲೈಸೆನ್ಸ್ ಇರುವ ಕನ್ನಡಿಗರಿಗೆ, ವನ್ಯಜೀವಿ ನಿರ್ವಹಣೆ ಓದುತ್ತಿರುವವರಿಗೆ ಈ ಟಿಪ್ಪಣಿ.

ಯಾವ ಕೋಣ?

ದೊಡ್ಡ ಕೇಪ್ ಬಫಲೋ ಕೋಣ 600ರಿಂದ 800 ಕಿಲೋ ತೂಗುತ್ತದೆ. ಕೋಡುಗಳ ಬುಡ ಹಣೆಯ ಮೇಲೆ ದಪ್ಪಗೆ ಬೆಳೆದು ಒಂದಕ್ಕೊಂದು ಹತ್ತಿರ ಬರುತ್ತದೆ, ಅದಕ್ಕೆ ಬಾಸ್ ಎನ್ನುತ್ತಾರೆ. ಹೊಡೆಯಬಹುದಾದ ಕೋಣ ಯಾವುದು ಎಂದು ಹೇಳುವುದು ಕೋಡಿನ ಅಗಲ ಅಲ್ಲ, ಈ ಬಾಸ್. ಆರೇಳು ವರ್ಷದ ಕೋಣಕ್ಕೆ ಕೋಡು ಅಗಲವಾಗಿ, ತುದಿ ಚೂಪಾಗಿ ಚೆಂದವಾಗಿಯೇ ಇರುತ್ತದೆ. ಆದರೆ ಬೈನಾಕ್ಯುಲರ್‌ನಲ್ಲಿ ನಿಧಾನವಾಗಿ ನೋಡಿದರೆ ಬಾಸ್‌ನ ಮುಂದಿನ ಅಂಚು ಇನ್ನೂ ಮೆತ್ತಗಿದೆ, ಎರಡೂ ಕಡೆಯ ಬಾಸ್ ನಡುವೆ ಕೂದಲು ಕಾಣುತ್ತಿದೆ ಅನ್ನುವುದು ಗೊತ್ತಾಗುತ್ತದೆ. ಅದು ಹಿಂಡಿನಲ್ಲಿ ಇನ್ನೂ ಕರು ಹುಟ್ಟಿಸಬೇಕಾದ ಕೋಣ, ಬಿಟ್ಟುಬಿಡಬೇಕು.

ಮುದಿ ಕೋಣದ ಬಾಸ್ ಹಳೇ ಹುಣಸೆಮರದ ತೊಗಟೆಯ ಹಾಗೆ ಬಿರುಕು ಬಿಟ್ಟು ಗಟ್ಟಿಯಾಗಿರುತ್ತದೆ. ಕೋಡಿನ ತುದಿ ಸವೆದು ಮೊಂಡಾಗಿರುತ್ತದೆ, ಕಿವಿ ಹರಿದಿರುತ್ತದೆ, ಮುಖದ ಕೂದಲು ಉದುರಿರುತ್ತದೆ, ಸೊಂಟದ ಮೂಳೆ ಎದ್ದು ಕಾಣುತ್ತದೆ. ಇಂಥವು ಹಿಂಡು ಬಿಟ್ಟು ಎರಡು ಮೂರು ಸೇರಿಕೊಂಡು ನೀರಿನ ಹತ್ತಿರ, ಮೈತುಂಬಾ ಕೆಸರು ಮೆತ್ತಿಕೊಂಡು ಇರುತ್ತವೆ. ಅಲ್ಲಿಯವರು ಇವನ್ನು ಡಗ್ಗಾ ಬಾಯ್ಸ್ ಎಂದು ಕರೆಯುತ್ತಾರೆ. ರೋಲಂಡ್ ವಾರ್ಡ್ ಎಂಬ ಶಿಕಾರಿ ದಾಖಲೆ ಪುಸ್ತಕಕ್ಕೆ ಸೇರಲು ಕೋಡಿನ ಅಗಲ 42 ಇಂಚು ಬೇಕು. ಆ ಸಂಖ್ಯೆಯ ಬೆನ್ನು ಹತ್ತಿದರೆ ಎಷ್ಟೋ ಸಲ ಸಾಯುವುದು ಎಳೆಯ ಕೋಣ. 36 ಇಂಚಿನ ಮುದಿ ಕೋಣ ಸಿಕ್ಕರೆ ಅದೇ ಒಳ್ಳೆಯ ಶಿಕಾರಿ ಅನ್ನುವುದು ನನ್ನ ಗಟ್ಟಿ ನಂಬಿಕೆ.

ಎಲ್ಲಿ, ಯಾರ ಜೊತೆ?

ಕೆನ್ಯಾದಲ್ಲಿ 1977ರಿಂದ ಶಿಕಾರಿ ಬಂದ್. ಬೋಟ್ಸ್ವಾನಾ 2014ರಲ್ಲಿ ನಿಲ್ಲಿಸಿ 2019ರಲ್ಲಿ ಮತ್ತೆ ಬಿಟ್ಟಿತು. ಟಾಂಜಾನಿಯಾ, ಜಾಂಬಿಯಾ, ಮೊಜಾಂಬಿಕ್, ಜಿಂಬಾಬ್ವೆ, ನಮೀಬಿಯಾ, ದಕ್ಷಿಣ ಆಫ್ರಿಕಾದಲ್ಲಿ ಅವಕಾಶ ಇದೆ. ದಕ್ಷಿಣ ಆಫ್ರಿಕಾದಲ್ಲಿ ಸಿಗುವುದು ಬಹುಪಾಲು ಬೇಲಿ ಹಾಕಿದ ಖಾಸಗಿ ಜಮೀನಿನ ಬಫಲೋ. ಬಫಲೋ ಕಾಲುಬಾಯಿ ರೋಗವನ್ನು ಮೈಯಲ್ಲಿ ಹೊತ್ತು ತಿರುಗಬಲ್ಲದು, ಅದರಿಂದ ದನಗಳಿಗೆ ಅಪಾಯ, ಹಾಗಾಗಿ ರೋಗವಿಲ್ಲದ ಬಫಲೋ ಸಾಕುವುದೇ ಅಲ್ಲಿ ದೊಡ್ಡ ವ್ಯಾಪಾರ. ಪ್ರಯಾಣ ಸುಲಭ, ಸಮಯ ಕಡಿಮೆ ಸಾಕು. ಆದರೆ ಬೇಲಿ ಎಷ್ಟು ಎಕರೆಗೆ, ಕೋಣ ಅಲ್ಲೇ ಹುಟ್ಟಿದ್ದಾ ಅಥವಾ ಈಚೆಗೆ ತಂದು ಬಿಟ್ಟದ್ದಾ ಎಂದು ಕೇಳದೆ ದುಡ್ಡು ಕಟ್ಟಬೇಡಿ.

ಕಲಿಯಲು ನಾನು ಆರಿಸಿಕೊಂಡದ್ದು ಜಿಂಬಾಬ್ವೆಯ ಜಾಂಬೆಜಿ ಕಣಿವೆ. ಮಾನಾ ಪೂಲ್ಸ್ ರಾಷ್ಟ್ರೀಯ ಉದ್ಯಾನದ ಪಕ್ಕದಲ್ಲೇ ಸಾಪಿ, ಚೆವೋರೆ ಎಂಬ, ಶಿಕಾರಿಗೆ ಬಿಟ್ಟ ಸಫಾರಿ ಪ್ರದೇಶಗಳಿವೆ. ಮೂರೂ ಸೇರಿ 1984ರಲ್ಲಿ ವಿಶ್ವ ಪರಂಪರೆಯ ತಾಣವಾದವು. ಬೇಲಿ ಇಲ್ಲ. ಇದಲ್ಲದೆ ಹಳ್ಳಿಗಳಿಗೆ ಸೇರಿದ ನೆಲದಲ್ಲೂ ಶಿಕಾರಿ ನಡೆಯುತ್ತದೆ. 1989ರಲ್ಲಿ ಶುರುವಾದ ಕ್ಯಾಂಪ್‌ಫೈರ್ ಯೋಜನೆಯಲ್ಲಿ ಅದರ ಹಣದ ಒಂದು ಪಾಲು ಊರಿಗೆ ಹೋಗಬೇಕು. ಆ ಪಾಲು ಊರಿಗೆ ತಲುಪುತ್ತಿದೆಯಾ ಎಂದು ಕೇಳುವ ಹಕ್ಕು ದುಡ್ಡು ಕೊಡುವ ನಮಗೆ ಇದ್ದೇ ಇದೆ. ಬೆಳೆ ತುಳಿದು ಹೋಗುವ ಪ್ರಾಣಿಯ ಪಕ್ಕದಲ್ಲಿ ಬದುಕುವವರು ಅವರು.

ತಿಂಗಳು: ಮೇನಿಂದ ಅಕ್ಟೋಬರ್, ಮಳೆ ಇಲ್ಲದ ಕಾಲ. ಮೇ ತಿಂಗಳಲ್ಲಿ ಹುಲ್ಲು ಎತ್ತರ, ಕಣ್ಣಿಗೆ ಏನೂ ಬೀಳಲ್ಲ. ಸೆಪ್ಟೆಂಬರ್ ಹೊತ್ತಿಗೆ ಹುಲ್ಲು ಒಣಗಿ, ನೀರು ಕೆಲವೇ ಕಡೆ ಉಳಿದು ಬಫಲೋ ಅಲ್ಲಿಗೆ ಬರುತ್ತವೆ. ಅಕ್ಟೋಬರ್‌ನಲ್ಲಿ ಕಣಿವೆಯ ಬಿಸಿಲು 40 ಡಿಗ್ರಿ ದಾಟುತ್ತದೆ. ಮಲೇರಿಯಾ ಮಾತ್ರೆ ಬಗ್ಗೆ ಡಾಕ್ಟರ್ ಹತ್ತಿರ ಮಾತಾಡಿ. ನೀಲಿ, ಕಪ್ಪು ಬಟ್ಟೆ ಬೇಡ. ರಕ್ತ ಹೀರುವ ಸೆಟ್ಸೆ ನೊಣ ಆ ಬಣ್ಣಗಳಿಗೆ ಮುತ್ತಿಕೊಳ್ಳುತ್ತದೆ. ಅದನ್ನು ಹಿಡಿಯುವ ಬಲೆಗಳನ್ನೂ ಅದೇ ಬಣ್ಣದ ಬಟ್ಟೆಯಲ್ಲಿ ಮಾಡುತ್ತಾರೆ.

ಜೊತೆಗೆ ಬರುವ ವೃತ್ತಿಪರ ಶಿಕಾರಿಯನ್ನು ಅಲ್ಲಿ ಪಿಎಚ್ ಎನ್ನುತ್ತಾರೆ. ಪರೀಕ್ಷೆ ಪಾಸಾಗಿ ಲೈಸೆನ್ಸ್ ಪಡೆದವರು. ಹಣ ಎರಡು ಭಾಗ: ದಿನದ ಬಾಡಿಗೆ ಒಂದು, ಪ್ರಾಣಿಯ ಶುಲ್ಕ ಇನ್ನೊಂದು. ಬೇಲಿ ಇಲ್ಲದ ಕಾಡಿನಲ್ಲಿ ಏಳರಿಂದ ಹತ್ತು ದಿನ ಇಟ್ಟುಕೊಳ್ಳಿ, ಒಟ್ಟು ಖರ್ಚು ಹತ್ತು ಸಾವಿರ ಡಾಲರ್ ದಾಟುತ್ತದೆ. ಒಪ್ಪಂದದಲ್ಲಿ ಎಲ್ಲರೂ ಓದದೆ ಬಿಡುವ ಒಂದು ಸಾಲು ಇರುತ್ತದೆ: ರಕ್ತ ಬಿದ್ದರೆ ಶುಲ್ಕ ಬಿದ್ದಂತೆ. ಗಾಯವಾದ ಕೋಣ ಸಿಗದೇ ಹೋದರೂ ಪೂರ್ತಿ ಕೊಡಬೇಕು. ಈ ಪದ್ಧತಿ ಸರಿಯಾಗಿಯೇ ಇದೆ, ಟ್ರಿಗರ್ ಎಳೆಯುವ ಮುಂಚೆ ಮನುಷ್ಯ ಇನ್ನೊಂದು ಸಲ ಯೋಚಿಸುತ್ತಾನೆ.

ಜಾಡಿನಲ್ಲಿ

ಬೆಳಗಿನ ಜಾವ ನೀರಿನ ಹತ್ತಿರ ಗೊರಸಿನ ಗುರುತು ನೋಡುವುದರಿಂದ ದಿನ ಶುರು. ಜಾಡು ಹಿಡಿಯುವವರು ಗುರುತಿನ ಅಂಚು ಚೂಪಾಗಿದೆಯಾ, ಗಾಳಿಗೆ ಮರಳು ಕುಸಿದಿದೆಯಾ ಎಂದು ನೋಡುತ್ತಾರೆ. ಸೆಗಣಿಯೊಳಗೆ ಬೆರಳಿಟ್ಟು ಬಿಸಿ ಇದೆಯಾ ನೋಡುತ್ತಾರೆ. ಕೈಯಲ್ಲಿ ಬೂದಿ ತುಂಬಿದ ಚಿಕ್ಕ ಬಟ್ಟೆ ಚೀಲ. ಹತ್ತು ಹೆಜ್ಜೆಗೊಮ್ಮೆ ಅದನ್ನು ತಟ್ಟಿದರೆ ಬೂದಿ ಯಾವ ಕಡೆ ತೇಲುತ್ತದೋ ಗಾಳಿ ಆ ಕಡೆ. ಬಫಲೋ ಮೂಗು ಬಲು ಚುರುಕು, ಕುತ್ತಿಗೆಯ ಹಿಂದೆ ಗಾಳಿ ತಣ್ಣಗೆ ತಾಗಿತು ಅಂದರೆ ಆ ಜಾಡು ಮುಗಿದ ಹಾಗೆಯೇ. ಬಫಲೋ ಬೆನ್ನ ಮೇಲೆ ಕೂತು ಉಣ್ಣಿ ಹುಳ ತಿನ್ನುವ ಆಕ್ಸ್‌ಪೆಕರ್ ಹಕ್ಕಿಗಳು ಕಿರುಚಿ ಹಾರಿದರೂ ಅಷ್ಟೇ.

ದಿನಕ್ಕೆ ಹತ್ತು ಹದಿನೈದು ಕಿಲೋಮೀಟರ್ ನಡಿಗೆ ಮಾಮೂಲಿ. ಮೊಪಾನೆ ಮರಗಳ ನಡುವೆ, ಜೆಸ್ ಎಂದು ಕರೆಯುವ ದಟ್ಟ ಪೊದೆಗಳಲ್ಲಿ. ಕೊನೆಗೆ ಗುಂಡು ಹಾರುವ ದೂರ ಸಾಮಾನ್ಯವಾಗಿ 30ರಿಂದ 80 ಮೀಟರ್. ಇದನ್ನು ಗುರುತು ಹಾಕಿಕೊಳ್ಳಿ, ರೈಫಲ್ ವಿಷಯಕ್ಕೆ ಬರುವಾಗ ಬೇಕು.

ಗುಂಡು ಎಲ್ಲಿ ಬೀಳಬೇಕು

ಕೋಣ ಪಕ್ಕಕ್ಕೆ ತಿರುಗಿ ನಿಂತಿದೆ ಅಂದುಕೊಳ್ಳಿ. ಮುಂಗಾಲಿನ ಗೆರೆ ಹಿಡಿದು ಮೇಲಕ್ಕೆ ಬನ್ನಿ. ಮೈಯ ಎತ್ತರವನ್ನು ಮೂರು ಭಾಗ ಮಾಡಿದರೆ ಕೆಳಗಿನ ಭಾಗ ಮುಗಿಯುವಲ್ಲಿ ನಿಲ್ಲಿಸಿ. ಅಲ್ಲಿ ಗುಂಡಿಗೆಯ ಮೇಲ್ಭಾಗ, ದೊಡ್ಡ ರಕ್ತನಾಳಗಳು, ಎರಡೂ ಶ್ವಾಸಕೋಶ ಸಿಗುತ್ತವೆ. ಹೊಸಬರು ಮೇಲಕ್ಕೆ ಹೊಡೆಯುವುದೇ ಜಾಸ್ತಿ, ಅದಕ್ಕೆ ಕಾರಣ ಹೆಗಲಿನ ಉಬ್ಬು. ಆ ಉಬ್ಬಿನೊಳಗೆ ಬೆನ್ನುಮೂಳೆಯಿಂದ ಎದ್ದ ಉದ್ದನೆಯ ಎಲುಬುಗಳಿವೆ, ನಿಜವಾದ ಬೆನ್ನುಹುರಿ ಇನ್ನೂ ಕೆಳಗಿದೆ. ಹೊರಗಿನಿಂದ ನೋಡಿದರೆ ಮೈಯ ನಡುಮಧ್ಯ ಎಂದು ಕಾಣುವ ಜಾಗ ಒಳಗೆ ನಡುಮಧ್ಯ ಆಗಿರುವುದಿಲ್ಲ.

ಹಿಂದೆ ಇನ್ನೊಂದು ಬಫಲೋ ನಿಂತಿದ್ದರೆ ಹೊಡೆಯುವ ಹಾಗಿಲ್ಲ, ಗುಂಡು ಈ ಕಡೆಯಿಂದ ಆ ಕಡೆ ದಾಟಿ ಹೋಗಬಹುದು. ಮೊದಲ ಗುಂಡು ಚೆನ್ನಾಗಿ ಬಿದ್ದರೂ ಕೋಣ ಓಡುತ್ತದೆ. ಕಾಣುವಷ್ಟು ಹೊತ್ತು ಹೊಡೆಯುತ್ತಲೇ ಇರಬೇಕು, ಚೆನ್ನಾಗಿ ಬಿತ್ತು ಎಂದು ನಿಂತು ನೋಡಬಾರದು. ಪೊದೆ ಸೇರಿದರೆ ಪಿಎಚ್ ಹೇಳುವಷ್ಟು ಹೊತ್ತು ಕಾಯಿರಿ. ಎಷ್ಟೋ ಸಲ ಉದ್ದನೆಯ ಒಂದು ನರಳುವ ದನಿ ಕೇಳುತ್ತದೆ, ಅದು ಸಾವಿನ ಗುರುತು. ಕೇಳದಿದ್ದರೆ ಮುಂದಿನ ಕೆಲಸ ಪಿಎಚ್‌ದು, ಅವರ ಮಾತೇ ಅಲ್ಲಿ ಕೊನೆ. ಗಾಯಗೊಂಡ ಕೋಣ ತನ್ನ ಜಾಡಿನ ಪಕ್ಕದಲ್ಲೇ ನಿಂತು ಕಾಯುತ್ತದೆ ಅನ್ನುವುದನ್ನು ಅಲ್ಲಿ ಕೆಲಸ ಮಾಡಿದವರೆಲ್ಲ ಹೇಳುತ್ತಾರೆ. ಬಿದ್ದ ಕೋಣದ ಹತ್ತಿರ ಹಿಂದಿನಿಂದ ಹೋಗಿ, ಉದ್ದ ಕೋಲಿನಿಂದ ಕಣ್ಣು ಮುಟ್ಟಿ ನೋಡುತ್ತಾರೆ. ರೆಪ್ಪೆ ಅಲುಗಿದರೆ ಇನ್ನೊಂದು ಗುಂಡು.

ಈಗ ರೈಫಲ್

ಮೊದಲು ಕಾನೂನು. ಜಿಂಬಾಬ್ವೆಯಲ್ಲಿ ಬಫಲೋಗೆ ಕನಿಷ್ಠ 9.2 ಮಿಲಿಮೀಟರ್ ವ್ಯಾಸ, 5,300 ಜೂಲ್ ಶಕ್ತಿ ಬೇಕು. ಟಾಂಜಾನಿಯಾದಲ್ಲಿ .375ಕ್ಕಿಂತ ಕಡಿಮೆ ಇಲ್ಲ. 1905ರ ಜರ್ಮನ್ 9.3x62 ಒಳ್ಳೆಯ ಕ್ಯಾಲಿಬರ್, ವ್ಯಾಸವೂ ಸಾಕು, ಆದರೆ ಅದರ ಮಾಮೂಲಿ ತೋಟೆ (ಕಾಡತೂಸು) 4,800 ಜೂಲ್ ಆಸುಪಾಸಿನಲ್ಲಿ ನಿಲ್ಲುತ್ತದೆ. ಅದನ್ನು ಒಯ್ಯುವ ಆಸೆ ಇದ್ದರೆ ಮೊದಲೇ ಕೇಳಿ.

.375 ಎಚ್ ಅಂಡ್ ಎಚ್ (ಹಾಲೆಂಡ್ ಅಂಡ್ ಹಾಲೆಂಡ್) ಮ್ಯಾಗ್ನಂ 1912ರದ್ದು. 300 ಗ್ರೇನ್ (ಸುಮಾರು 19 ಗ್ರಾಂ) ತೂಕದ ಗುಂಡು, ಸೆಕೆಂಡಿಗೆ ಸುಮಾರು 770 ಮೀಟರ್ ವೇಗ, 5,700 ಜೂಲ್ ಹತ್ತಿರ. ಅದಕ್ಕಿಂತ ಒಂದು ವರ್ಷ ಹಳೆಯದು .416 ರಿಗ್ಬಿ, 400 ಗ್ರೇನ್ ಗುಂಡು, 6,800 ಜೂಲ್ ಆಸುಪಾಸು. 1956ರ .458 ವಿಂಚೆಸ್ಟರ್ 500 ಗ್ರೇನ್ ಗುಂಡು ಹಾರಿಸುತ್ತದೆ. ಕಾಗದದ ಮೇಲೆ ದೊಡ್ಡದೇ ಗೆಲ್ಲುತ್ತದೆ, ಅಲ್ವಾ? ಆದರೆ ಭುಜಕ್ಕೆ ಬೀಳುವ ಒದೆತವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. .375ರ ಒದೆತ ಸಾಮಾನ್ಯ .30-06ರ ಸುಮಾರು ಎರಡರಷ್ಟು, .458ದು ಮೂರರಷ್ಟು. ಒದೆತಕ್ಕೆ ಹೆದರಿದ ಕೈ ಟ್ರಿಗರ್ ಎಳೆಯುವ ಮೊದಲೇ ನಳಿಗೆಯನ್ನು ಕೆಳಗೆ ಒತ್ತುತ್ತದೆ, ಕಣ್ಣು ಮುಚ್ಚಿಕೊಳ್ಳುತ್ತದೆ. ಗುಂಡು ಹೊಟ್ಟೆಗೆ ಹೋದರೆ .458 ಇದ್ದೂ ಏನೂ ಪ್ರಯೋಜನ ಇಲ್ಲ. ಮೊದಲ ಸಲ ಹೋಗುವವರಿಗೆ .375 ಅನ್ನುವುದು ನನ್ನ ತೀರ್ಮಾನ. ಅದನ್ನು ಆರಾಮಾಗಿ ಹಾರಿಸುವ, ವರ್ಷಗಟ್ಟಲೆ ಅಭ್ಯಾಸ ಇರುವವರು .416ಕ್ಕೆ ಹೋಗಲಿ. ಜೊತೆಗಿರುವ ಪಿಎಚ್ ಹೇಗೂ ದೊಡ್ಡದನ್ನೇ ಹಿಡಿದಿರುತ್ತಾರೆ, ಅದು ಅವರ ಕೆಲಸಕ್ಕೆ ಬೇಕಾದದ್ದು.

ಡಬಲ್ ರೈಫಲ್ ಆಸೆ ಇರುವವರಿಗೆ ಸ್ವಲ್ಪ ಚರಿತ್ರೆ. ಕೊಡಗು, ಮಲೆನಾಡಿನ ಜೋಡುನಳಿಗೆ ಕೋವಿ ನೋಡಿದವರಿಗೆ ಇದರ ರೂಪ ಹೊಸದಲ್ಲ. ಡಬಲ್ ರೈಫಲ್‌ಗಳಲ್ಲಿ ಬಳಸುವ .470 ನೈಟ್ರೋ ಎಕ್ಸ್‌ಪ್ರೆಸ್ ತೋಟೆ ಇಷ್ಟು ಹೆಸರು ಮಾಡಲು ನಮ್ಮ ದೇಶವೂ ಒಂದು ಕಾರಣ. ಬಂಡೆದ್ದವರ ಕೈಗೆ ಮದ್ದುಗುಂಡು ಸಿಗಬಾರದೆಂದು ಬ್ರಿಟಿಷ್ ಸರ್ಕಾರ ಭಾರತ ಮತ್ತು ಸುಡಾನ್‌ನಲ್ಲಿ .450 ವ್ಯಾಸದ ರೈಫಲ್‌ಗಳನ್ನು ತಡೆಯಿತು. ಅದರ ಜಾಗಕ್ಕೆ .465, .470, .475ರಂಥವು ಬಂದು ಕೂತವು. ಎರಡನೇ ಗುಂಡು ಡಬಲ್‌ನಷ್ಟು ಬೇಗ ಬೇರೆ ಯಾವುದರಲ್ಲೂ ಬರುವುದಿಲ್ಲ. ಆದರೆ ಬೆಲೆ ವಿಪರೀತ, ತೋಟೆ ದುಬಾರಿ, 80 ಮೀಟರ್‌ನಲ್ಲಿ ಟೆಲಿಸ್ಕೋಪ್ ಇಲ್ಲದ ತೆರೆದ ಸೈಟ್ ಹಿಡಿದು ಹೊಡೆಯಲು ಕೈ ಪಳಗಿರಬೇಕು.

ಪ್ರತಿ ಗುಂಡಿಗೂ ಕೈಯಿಂದ ಬೋಲ್ಟ್ ಎಳೆಯುವ ಬೋಲ್ಟ್ ರೈಫಲ್ ತೆಗೆದುಕೊಳ್ಳುವಾಗ ಮೌಸರ್ 98 ಮಾದರಿಯ ದೊಡ್ಡ ಎಕ್ಸ್‌ಟ್ರಾಕ್ಟರ್ ಇರುವುದನ್ನು ನೋಡಿ. ಮ್ಯಾಗಜೀನ್‌ನಿಂದ ಹೊರಟ ತೋಟೆಯ ಅಂಚನ್ನು ಅದು ಮೊದಲೇ ಹಿಡಿದುಕೊಳ್ಳುತ್ತದೆ, ಗಾಬರಿಯಲ್ಲಿ ಬೋಲ್ಟ್ ಅರ್ಧಕ್ಕೇ ಎಳೆದರೂ ತೋಟೆ ಸಿಕ್ಕಿಬೀಳುವ ಸಂಭವ ಕಡಿಮೆ. ಟೆಲಿಸ್ಕೋಪ್ ಒಂದರಿಂದ ನಾಲ್ಕು ಅಥವಾ ಆರು ಪಟ್ಟಿನದು ಸಾಕೇ ಸಾಕು. ದೂರ 80 ಮೀಟರ್ ಅಂದಿದ್ದೆ ಅಲ್ವಾ, ಅಲ್ಲಿ ಜಾಸ್ತಿ ಪಟ್ಟು ಇಟ್ಟರೆ ಕಾಣುವುದು ಬರೀ ಕಪ್ಪು ಕೂದಲು. ಟೆಲಿಸ್ಕೋಪ್ ಪೆಟ್ಟಾದರೆ ಬಿಚ್ಚಿಹಾಕಿ ಬಳಸಲು ತೆರೆದ ಸೈಟ್ ಇರಲಿ. ನಳಿಗೆ ತುದಿಗೆ ಮಝಲ್ ಬ್ರೇಕ್ ಹಾಕಿಸಬೇಡಿ. ಒದೆತ ಕಡಿಮೆಯಾಗುತ್ತದೆ ನಿಜ, ಆದರೆ ಪಕ್ಕದಲ್ಲಿ ನಿಂತ ಜಾಡುಗಾರನ ಕಿವಿ ಹಾಳಾಗುತ್ತದೆ. ಅವರು ನಮ್ಮ ಹಾಗೆ ಒಂದು ವಾರಕ್ಕೆ ಬಂದವರಲ್ಲ, ವರ್ಷಪೂರ್ತಿ ಅದೇ ಕೆಲಸ.

ಕ್ಯಾಲಿಬರ್‌ಗಿಂತ ಗುಂಡಿನ ಆಯ್ಕೆ ಮುಖ್ಯ. ಸ್ವಿಫ್ಟ್ ಎ-ಫ್ರೇಮ್, ಬಾರ್ನ್ಸ್ ಟಿಎಸ್‌ಎಕ್ಸ್‌ನಂಥವು ತುದಿ ಅರಳಿದರೂ ಚೂರಾಗುವುದಿಲ್ಲ, ಭುಜದ ಮೂಳೆ ಒಡೆದು ಒಳಗೆ ಹೋಗುತ್ತವೆ. ಮೊದಲ ಗುಂಡು ಇಂಥದ್ದು. ಓಡುವ ಕೋಣಕ್ಕೆ ಹಿಂದಿನಿಂದ ಹೊಡೆಯಬೇಕಾದಾಗ ಆಳಕ್ಕೆ ಇಳಿಯಲೆಂದು ಮ್ಯಾಗಜೀನ್‌ನಲ್ಲಿ ಅದರ ಕೆಳಗಿನ ತೋಟೆಗಳು ಅರಳದ ಸಾಲಿಡ್ ಇರಲಿ ಎನ್ನುವ ಪಿಎಚ್‌ಗಳು ಬಹಳ. ಅವರನ್ನೇ ಕೇಳಿ.

ಅಭ್ಯಾಸ ಬೆಂಚಿನ ಮೇಲೆ ಕೂತು ಬೇಡ. ಸೈಟ್ ಹೊಂದಿಸಲು ಮಾತ್ರ ಬೆಂಚು. ಉಳಿದದ್ದೆಲ್ಲ ನಿಂತುಕೊಂಡು, ಮೂರು ಕಾಲಿನ ಶೂಟಿಂಗ್ ಸ್ಟಿಕ್ ಮೇಲೆ ರೈಫಲ್ ಇಟ್ಟು. ಒಂದು ಗುಂಡು ಹಾರಿಸಿ, ರೈಫಲ್ ಭುಜದಿಂದ ಇಳಿಸದೆ, ಕಣ್ಣು ಗುರಿಯಿಂದ ತೆಗೆಯದೆ ಬೋಲ್ಟ್ ಎಳೆದು ಇನ್ನೊಂದು. ಸುಮ್ನೆ ಕಾಡತೂಸು ಖರ್ಚು ಮಾಡುವುದು ಬೇಡ ಅಂದರೆ .22ರಲ್ಲಿ ಇದನ್ನೇ ಮಾಡಿ, ಮನೆಯಲ್ಲಿ ಡಮ್ಮಿ ತೋಟೆ ಹಾಕಿ ಬೋಲ್ಟ್ ಎಳೆಯುವುದನ್ನು ರೂಢಿ ಮಾಡಿಕೊಳ್ಳಿ. ಸ್ಟಿಕ್ ಮೇಲೆ 80 ಮೀಟರ್‌ನಲ್ಲಿ ಪ್ರತಿ ಗುಂಡೂ ಅಂಗೈಯಗಲದ ಗುರಿಯೊಳಗೆ ಬೀಳುವ ತನಕ ಟಿಕೆಟ್ ಬುಕ್ ಮಾಡಬೇಡಿ.

ಕಾಗದಪತ್ರ

ದಕ್ಷಿಣ ಆಫ್ರಿಕಾಕ್ಕೆ ರೈಫಲ್ ಒಯ್ಯುವುದಾದರೆ ಅಲ್ಲಿನ ಪೊಲೀಸರ ಎಸ್‌ಎಪಿಎಸ್ 520 ಫಾರಂ, ಜೊತೆಗೆ ಆಹ್ವಾನ ಪತ್ರ ಬೇಕು. ಅಮೆರಿಕದಿಂದ ಹೋಗುವವರು ಹೊರಡುವ ಮೊದಲೇ ಕಸ್ಟಮ್ಸ್‌ನಲ್ಲಿ 4457 ಫಾರಂ ಮಾಡಿಸಬೇಕು, ವಾಪಸ್ ಬರುವಾಗ ರೈಫಲ್ ನಿಮ್ಮದೇ ಎನ್ನಲು ಅದೇ ಆಧಾರ. ವಿಮಾನದಲ್ಲಿ ತೋಟೆ ಸಾಮಾನ್ಯವಾಗಿ 5 ಕಿಲೋ, ಬೀಗ ಹಾಕಿದ ಬೇರೆ ಪೆಟ್ಟಿಗೆಯಲ್ಲಿ. ನಡುವೆ ವಿಮಾನ ಬದಲಿಸುವ ದೇಶದ ನಿಯಮವನ್ನೂ ನೋಡಿ. ಇಷ್ಟೆಲ್ಲ ಬೇಡ ಅನ್ನುವವರಿಗೆ ಕ್ಯಾಂಪಿನಲ್ಲೇ .375 ಬಾಡಿಗೆಗೆ ಸಿಗುತ್ತದೆ. ಮೊದಲ ದಿನ ಆ ರೈಫಲ್‌ನಲ್ಲಿ ಸಾಕಷ್ಟು ಗುಂಡು ಹಾರಿಸಿ ಕೈ ಕೂರಿಸಿಕೊಳ್ಳಬೇಕು.

ಕೋಣದ ಮಾಂಸ ಕ್ಯಾಂಪಿಗೂ ಸುತ್ತಲಿನ ಹಳ್ಳಿಗೂ ಹೋಗುತ್ತದೆ. ಕೇಪ್ ಬಫಲೋ ವನ್ಯಜೀವಿ ವ್ಯಾಪಾರದ ಅಂತರರಾಷ್ಟ್ರೀಯ ಒಪ್ಪಂದವಾದ ಸೈಟಿಸ್ ಪಟ್ಟಿಯಲ್ಲಿಲ್ಲ, ಹಾಗಾಗಿ ಆ ಪರ್ಮಿಟ್ ಬೇಡ. ಆದರೆ ತಲೆಬುರುಡೆ, ಚರ್ಮ ಕಳಿಸಬೇಕಾದರೆ ರೋಗಾಣು ತೆಗೆದು ಪಶುವೈದ್ಯರ ಸರ್ಟಿಫಿಕೇಟ್ ಮಾಡಿಸಬೇಕು. ಮನೆಗೆ ಬಂದು ಸೇರಲು ತಿಂಗಳುಗಳೇ ಹಿಡಿಯುತ್ತವೆ, ಆ ಖರ್ಚು ಮೂಲ ದರದಲ್ಲಿ ಸೇರಿರುವುದಿಲ್ಲ. ಎಷ್ಟಾಗುತ್ತದೆ ಎಂದು ಅಡ್ವಾನ್ಸ್ ಕೊಡುವ ಮೊದಲೇ ಬರವಣಿಗೆಯಲ್ಲಿ ತೆಗೆದುಕೊಳ್ಳಿ.