ಕನಸಿನ ಕಾರು ಸಿಗುವವರೆಗೆ ಕಾಯಬೇಕಾ?

ಪ್ರಶ್ನೆ: ನನಗೆ ಕಾರು ಅಂದ್ರೆ ಹುಚ್ಚು. ಗೋಡೆ ಮೇಲೆ ಫೆರಾರಿ ಎಫ್40 ಚಿತ್ರ ಇದೆ, ಓಡಿಸುವುದು ಮಾತ್ರ ಸಣ್ಣ ಹ್ಯಾಚ್‌ಬ್ಯಾಕ್. ಇಂಥ ಕಾರಿನಲ್ಲಿ ನಿಜವಾದ ಡ್ರೈವಿಂಗ್ ಮಜಾ ಸಿಗುತ್ತಾ? ಇಲ್ಲಾ, ದೊಡ್ಡ ಕಾರು ಕೊಳ್ಳುವವರೆಗೂ ಕಾಯಬೇಕಾ?

ಉತ್ತರ: ಕಾಯಬೇಡಿ. ಗೋಡೆ ಮೇಲಿನ ಆ ಕಾರನ್ನೇ ಸ್ವಲ್ಪ ಹತ್ತಿರದಿಂದ ನೋಡೋಣ.

ಕಂಪನಿಗೆ 40 ವರ್ಷ ತುಂಬಿದ ನೆನಪಿಗೆ ಫೆರಾರಿ 1987ರಲ್ಲಿ ಎಫ್40 ತಂದಿತು. 2.9 ಲೀಟರ್ ವಿ8 ಎಂಜಿನ್, ಎರಡು ಟರ್ಬೊ, 478 ಹಾರ್ಸ್‌ಪವರ್. ಎಲ್ಲರ ಬಾಯಲ್ಲೂ ಇದೇ ಲೆಕ್ಕ. ಆದರೆ ಒಳಗೆ ಕಾರ್ಪೆಟ್ ಇಲ್ಲ, ರೇಡಿಯೊ ಇಲ್ಲ. ಬಾಗಿಲು ತೆಗೆಯಲು ಒಂದು ತಂತಿ ಎಳೆಯಬೇಕು, ಅಷ್ಟೇ. ಪವರ್ ಸ್ಟೀರಿಂಗ್ ಇಲ್ಲ, ಜೋರಾಗಿ ಬ್ರೇಕ್ ಹಾಕಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ಎಬಿಎಸ್ ಇಲ್ಲ. ಗೋರ್ಡನ್ ಮರ್ರೆ ವಿನ್ಯಾಸ ಮಾಡಿದ ಮೆಕ್‌ಲಾರೆನ್ ಎಫ್1ನಲ್ಲೂ ಪವರ್ ಸ್ಟೀರಿಂಗ್, ಎಬಿಎಸ್ ಎರಡೂ ಇಲ್ಲ. 1998ರಲ್ಲಿ ಗಂಟೆಗೆ 386 ಕಿ.ಮೀ. ಮುಟ್ಟಿದ ಆ ಕಾರಿನ ತೂಕ ಸುಮಾರು 1,140 ಕೆ.ಜಿ. ಇವತ್ತಿನ ಎಷ್ಟೋ ಫ್ಯಾಮಿಲಿ ಕಾರುಗಳು ಅದಕ್ಕಿಂತ ಭಾರ!

ಅಂದರೆ ನಾವು ಆಸೆಪಡುವ ಈ ಕಾರುಗಳಲ್ಲಿ ಬರೀ ಶಕ್ತಿ ಇಲ್ಲ. ಕಡಿಮೆ ತೂಕ ಇದೆ, ರಸ್ತೆಯ ಸುದ್ದಿಯನ್ನು ಕೈಗೆ ನೇರವಾಗಿ ಮುಟ್ಟಿಸುವ ಸ್ಟೀರಿಂಗ್ ಇದೆ, ಕೈಯಿಂದ ಹಾಕುವ ಗೇರ್ ಇದೆ. ಇವು ಸಣ್ಣ ಕಾರಿನಲ್ಲೂ ಸಿಗುತ್ತವೆ.

1989ರಲ್ಲಿ ಬಂದ ಮಜ್ದಾ ಎಂಎಕ್ಸ್-5 ಇದಕ್ಕೆ ದೊಡ್ಡ ಸಾಕ್ಷಿ. 1.6 ಲೀಟರ್ ಎಂಜಿನ್, ಸುಮಾರು 115 ಹಾರ್ಸ್‌ಪವರ್, ಒಂದು ಟನ್‌ಗಿಂತ ಕಡಿಮೆ ತೂಕ, ಹಿಂದಿನ ಚಕ್ರಗಳಿಗೆ ಶಕ್ತಿ. ಕಾಗದದ ಮೇಲೆ ಸಾಧಾರಣ ಕಾರು. ಆದರೂ 2016ರ ಹೊತ್ತಿಗೆ ಹತ್ತು ಲಕ್ಷ ಕಾರು ತಯಾರಾಗಿದ್ದವು. ಎಲ್ಲರೂ ಸುಮ್ನೆ ಕೊಂಡರಾ?

ತೂಕ ಯಾಕೆ ಇಷ್ಟು ಮುಖ್ಯ? ಕಾರು ನೆಲಕ್ಕೆ ತಾಗುವುದು ನಾಲ್ಕೇ ಕಡೆ, ಒಂದೊಂದು ಕಡೆಯೂ ಹೆಚ್ಚುಕಡಿಮೆ ಅಂಗೈಯಷ್ಟು ಜಾಗ. ವೇಗ ಹೆಚ್ಚಿಸುವುದು, ತಿರುಗುವುದು, ನಿಲ್ಲಿಸುವುದು ಎಲ್ಲ ಕೆಲಸವೂ ಅಷ್ಟರಲ್ಲೇ ಆಗಬೇಕು. ಹಾರ್ಸ್‌ಪವರ್ ಜಾಸ್ತಿ ಮಾಡಿದರೆ ಮುಂದೆ ನುಗ್ಗುವುದು ಮಾತ್ರ ಸುಧಾರಿಸುತ್ತದೆ. ತೂಕ ಇಳಿಸಿದರೆ ಮೂರೂ ಸುಧಾರಿಸುತ್ತವೆ.

ಇನ್ನೊಂದು ವಿಷಯ ಇದೆ, ನನಗೆ ಇದೇ ಎಲ್ಲಕ್ಕಿಂತ ಮುಖ್ಯ ಅನಿಸುತ್ತದೆ. ಭಾರಿ ಶಕ್ತಿಯ ಕಾರು ಎರಡನೇ ಗೇರ್‌ನಲ್ಲೇ ರಸ್ತೆಯ ವೇಗಮಿತಿ ದಾಟಿಬಿಡುತ್ತದೆ. ಅದರ ಬಹುಪಾಲು ಶಕ್ತಿ ನಿಮ್ಮ ಪಾಲಿಗೆ ಬರುವುದೇ ಇಲ್ಲ. ಸಣ್ಣ ಕಾರಿನಲ್ಲಾದರೆ ಎಂಜಿನ್ ಪೂರ್ತಿ ಕೂಗುವವರೆಗೆ ಎಳೆದು, ಸರಿಯಾದ ಹೊತ್ತಿಗೆ ಗೇರ್ ಬದಲಿಸಿ, ಮಿತಿಯೊಳಗೇ ಇರಬಹುದು. ಮಾಡುವುದಕ್ಕೆ ಕೆಲಸ ಇದ್ದಾಗಲೇ ಓಡಿಸುವುದರಲ್ಲಿ ಖುಷಿ, ಅಲ್ವಾ?

ನಿಮ್ಮ ಹ್ಯಾಚ್‌ಬ್ಯಾಕ್ ಬಗ್ಗೆ ಕೀಳರಿಮೆಯೂ ಬೇಡ. 1976ರಲ್ಲಿ ಮಾರಾಟಕ್ಕೆ ಬಂದ ಫೋಕ್ಸ್‌ವ್ಯಾಗನ್ ಗಾಲ್ಫ್ ಜಿಟಿಐ ಕೂಡ ದಿನಬಳಕೆಯ ಹ್ಯಾಚ್‌ಬ್ಯಾಕ್‌ನಿಂದ ಹುಟ್ಟಿದ್ದು. ಅದರ ಶಕ್ತಿ 110 ಹಾರ್ಸ್‌ಪವರ್ ಮಾತ್ರ.

ದುಡ್ಡು ಹಾಕುವುದಾದರೆ ಮೊದಲು ಒಳ್ಳೆಯ ಟೈರ್‌ಗೆ ಹಾಕಿ. ಗಾಳಿ ಸರಿಯಾಗಿರಲಿ, ವೀಲ್ ಅಲೈನ್‌ಮೆಂಟ್ ಮಾಡಿಸಿ, ಸೋತ ಶಾಕ್ ಅಬ್ಸಾರ್ಬರ್ ಬದಲಿಸಿ. ಬ್ರೇಕ್ ಆಯಿಲ್ ತೇವ ಹೀರಿಕೊಳ್ಳುತ್ತದೆ, ಹಳತಾದರೆ ಬಿಸಿಯಲ್ಲಿ ಬ್ರೇಕ್ ಪೆಡಲ್ ಮೆತ್ತಗಾಗುತ್ತದೆ. ಅದನ್ನೂ ಬದಲಿಸಿ. ಸದ್ದು ಮಾಡುವ ಸೈಲೆನ್ಸರ್, ದೊಡ್ಡ ಭಾರದ ರಿಮ್ ಬೇಡವೇ ಬೇಡ. ಚಕ್ರ ಭಾರವಾದಷ್ಟೂ ಸಸ್ಪೆನ್ಶನ್ ಒದ್ದಾಡುತ್ತದೆ. ವೇಗದ ಆಸೆ ತೀರಿಸಿಕೊಳ್ಳಲು ಟ್ರ್ಯಾಕ್‌ಗೆ ಹೋಗಿ, ಸಾಧ್ಯವಾದರೆ ಕಲಿಸುವವರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. ರಸ್ತೆಯಲ್ಲಿ ಮಾತ್ರ ಬೇಡ.

ಮುಂದಿನ ಕಾರು ಕೊಳ್ಳುವಾಗ ಹಾರ್ಸ್‌ಪವರ್ ನೋಡುವ ಮೊದಲು ತೂಕ ಎಷ್ಟು ಅಂತ ಕೇಳಿ. ಹಳೆಯ ಎಂಎಕ್ಸ್-5 ಸಿಕ್ಕರೆ ಬಾಗಿಲ ಕೆಳಗಿನ ಪಟ್ಟಿ, ಹಿಂದಿನ ಚಕ್ರದ ಸುತ್ತಮುತ್ತ ತುಕ್ಕು ಹಿಡಿದಿದೆಯಾ ಅಂತ ಮೊದಲು ನೋಡಿ. ಸೋತ ಎಂಜಿನ್ ರಿಪೇರಿ ಆಗುತ್ತದೆ. ಒಳಗಿನಿಂದ ಕೊಳೆತ ಬಾಡಿ ಸರಿ ಮಾಡಿಸಲು ಹೊರಟರೆ ಜೇಬು ಖಾಲಿ.