ಪೂರಕ ಬಣ್ಣ ಎಂದರೆ ಹೊಂದುವ ಬಣ್ಣವಲ್ಲ

ಬದಿಯಡ್ಕದ ಕಡೆಯ ಮದುವೆಯೊಂದರ ವಾಟ್ಸ್ಆ್ಯಪ್ ಸಂದೇಶ: ‘ಮದುಮಗಳದ್ದು ಹಸಿರು ಸೀರೆ. ಹೆಂಗಸರೆಲ್ಲ ಪೂರಕ ಬಣ್ಣದ್ದು ಉಟ್ಟು ಬರಬೇಕು.’ ಕೆಳಗೆ ಮಾದರಿಗೆಂದು ಗಿಳಿಹಸಿರು, ಪಾಚಿಹಸಿರು, ಎಲೆಹಸಿರಿನ ಚಿತ್ರಗಳು. ಹಸಿರಿಗೆ ಪೂರಕ ಕೆಂಪು. ಬರೆದದ್ದನ್ನು ಬರೆದ ಹಾಗೆಯೇ ನಡೆಸಿದ್ದರೆ ಚಪ್ಪರದ ತುಂಬ ಕೆಂಪು ಸೀರೆಗಳಿರಬೇಕಿತ್ತು. ಈ ತಪ್ಪನ್ನು ನೋಡಿ ನೋಡಿ ಸಾಕಾಗಿದೆ.

‘ಪೂರಕ’ದ ಬೇರು ಸಂಸ್ಕೃತದ ‘ಪೄ’ ಧಾತು. ತುಂಬು ಎಂದರ್ಥ. ಪೂರ್ಣ, ಪೂರಣ, ಪೂರೈಕೆ ಎಲ್ಲ ಅದೇ ಬಳಗ. ಪ್ರಾಣಾಯಾಮದಲ್ಲಿ ಉಸಿರನ್ನು ಒಳಗೆ ತುಂಬಿಕೊಳ್ಳುವುದು ಪೂರಕ. ನಮ್ಮ ಹೋಳಿಗೆಯ ಹೂರಣ ಕೂಡ ಪೂರಣವೇ. ಪಕಾರ ಹಕಾರವಾಗಿದೆ, ಅಷ್ಟೆ. ಈ ಹೂರಣವನ್ನು ಹಿಡಿದುಕೊಂಡರೆ ಅರ್ಥ ತಪ್ಪುವುದಿಲ್ಲ. ಹೂರಣ ಕಣಕದ ಹಾಗಿರುವುದಿಲ್ಲ. ಕಣಕದಲ್ಲಿ ಏನಿಲ್ಲವೋ ಅದನ್ನು ತರುವುದೇ ಅದರ ಕೆಲಸ. ಕಣಕದೊಳಗೆ ಕಣಕವನ್ನೇ ತುಂಬಿ ಲಟ್ಟಿಸಿದರೆ ಸಿಗುವುದು ದಪ್ಪ ಚಪಾತಿ. ಗಣಿತದ ಮೇಷ್ಟ್ರು ಪೂರಕ ಕೋನ ಹೇಳಿಕೊಟ್ಟದ್ದೂ ಹೀಗೆಯೇ: 30 ಡಿಗ್ರಿಗೆ ಪೂರಕ 60, ಏಕೆಂದರೆ 90ಕ್ಕೆ ಕಡಿಮೆ ಬಿದ್ದದ್ದು ಅಷ್ಟು. 35 ಎಂದು ಬರೆದು ‘ಹತ್ತಿರವಿದೆಯಲ್ಲ’ ಎಂದರೆ ಅಂಕ ಸಿಗುತ್ತಿರಲಿಲ್ಲ.

ಹಾಗಾದರೆ ಹಾದಿ ತಪ್ಪಿದ್ದು ಎಲ್ಲಿ? ನನ್ನ ಗುಮಾನಿ ಪತ್ರಿಕೆಗಳ ಮೇಲೆ. ‘ಇದಕ್ಕೆ ಪೂರಕವಾಗಿ ಮಾತನಾಡಿದ ಅಧ್ಯಕ್ಷರು’, ‘ಉದ್ಯಮಕ್ಕೆ ಪೂರಕ ವಾತಾವರಣ’ ಎಂದು ಓದಿ ಓದಿ ಪೂರಕವೆಂದರೆ ಅನುಕೂಲ, ಸಹಮತ ಎಂದಾಗಿಬಿಟ್ಟಿದೆ. ಇಂಗ್ಲಿಷೂ ಕೈ ಜೋಡಿಸಿದೆ. ಪೂರಕ ಎನ್ನುವುದಕ್ಕೂ ಪುಕ್ಕಟೆ ಎನ್ನುವುದಕ್ಕೂ ಅಲ್ಲಿ ಒಂದೇ ಅಕ್ಷರ ವ್ಯತ್ಯಾಸದ ಎರಡು ಪದಗಳಿವೆ: complementary, complimentary. ಎರಡೂ ಹುಟ್ಟಿದ್ದು ಲ್ಯಾಟಿನ್ನಿನ ‘ತುಂಬು’ ಎಂಬ ಕ್ರಿಯಾಪದದಿಂದಲೇ. ಕನ್ನಡ ಲಿಪಿಗೆ ಬಂದಾಗ ಎರಡೂ ‘ಕಾಂಪ್ಲಿಮೆಂಟರಿ’. ಕಾಸರಗೋಡು ಪೇಟೆಯ ಬಟ್ಟೆ ಅಂಗಡಿಯೊಂದರಲ್ಲಿ ‘ಸೀರೆಗೆ ಕಾಂಪ್ಲಿಮೆಂಟರಿ ಬ್ಲೌಸ್ ಪೀಸ್’ ಎಂಬ ಬೋರ್ಡು ಕಂಡು, ಧರ್ಮಕ್ಕೆ ಕೊಡುವುದೋ ಅಥವಾ ಎದುರು ಬಣ್ಣದ್ದೋ ಎಂದು ಕೇಳಿದೆ. ಎರಡೂ ಅಲ್ಲವಂತೆ. ಮ್ಯಾಚಿಂಗ್ ಅಂತೆ, ದುಡ್ಡು ಬೇರೆ.

ಬಣ್ಣದಲ್ಲಿಯೂ ಪೂರಕ ಎಂದರೆ ಕಡಿಮೆ ಬಿದ್ದ ಪಾಲು. ಮೊಬೈಲ್ ಪರದೆಯಲ್ಲಿ ಹಳದಿ ಕಾಣಬೇಕಾದರೆ ಕೆಂಪು ಮತ್ತು ಹಸಿರು ಬೆಳಗುತ್ತವೆ, ನೀಲಿ ಆರಿರುತ್ತದೆ. ಆ ನೀಲಿಯೇ ಹಳದಿಗೆ ಪೂರಕ, ಸೇರಿಸಿದರೆ ಬಿಳಿ. ಪುಡಿ, ಪೇಂಟುಗಳಲ್ಲಿ ಪೂರಕಗಳು ಬೆರೆತರೆ ಬೂದು ಅಥವಾ ಕಂದು. ಚಿತ್ರಕಾರರ ಬಣ್ಣಚಕ್ರದಲ್ಲಿ ಕೆಂಪಿಗೆ ಹಸಿರು, ನೀಲಿಗೆ ಕಿತ್ತಳೆ, ಹಳದಿಗೆ ನೇರಳೆ ಎದುರು ಕೂರುತ್ತವೆ. ಬೆಳಕಿನ ಲೆಕ್ಕದಲ್ಲಿ ಜೋಡಿಗಳು ತುಸು ಸರಿಯುತ್ತವೆ. (ಹಳದಿಗೆ ಬಿಳಿ ಸುಣ್ಣ ಸೇರಿಸಿದರೆ ಆರತಿಯ ಕೆಂಪು ನೀರಾಗುವುದಿಲ್ಲವೇ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಅದು ಅರಸಿನಕ್ಕೆ ಕ್ಷಾರ ತಗಲಿ ಆದ ರಾಸಾಯನಿಕ ಕ್ರಿಯೆ, ಬಣ್ಣದ ಬೆರಕೆಯಲ್ಲ.) ಅಜ್ಜಿಯಂದಿರು ಹಳದಿಗಟ್ಟಿದ ಪಂಚೆಯನ್ನು ನೀಲಿ ನೀರಿನಲ್ಲಿ ಅದ್ದಿ ಬಿಳಿ ಮಾಡುತ್ತಿದ್ದದ್ದು ಪೂರಕ ಬಣ್ಣದ ಅಪ್ಪಟ ಪ್ರಯೋಗ. ಚಕ್ರ ಗೊತ್ತಿರಲಿಲ್ಲ, ಕೆಲಸ ಗೊತ್ತಿತ್ತು.

ಪೂರಕಗಳನ್ನು ಬೆರೆಸದೆ ಪಕ್ಕಪಕ್ಕ ಇಟ್ಟರೆ ಮಾತ್ರ ಒಂದನ್ನೊಂದು ಕೆರಳಿಸುತ್ತವೆ. ಪ್ಯಾರಿಸ್ಸಿನ ಗೊಬೆಲಿನ್ ನೇಯ್ಗೆಶಾಲೆಯಲ್ಲಿ 1824ರಿಂದ ಬಣ್ಣಗಾರಿಕೆಯ ಹೊಣೆ ಹೊತ್ತಿದ್ದ ರಸಾಯನಶಾಸ್ತ್ರಜ್ಞ ಶೆವ್ರಲ್‌ಗೆ, ಕಪ್ಪು ನೂಲು ಮಾಸಲಾಗಿದೆ ಎಂಬ ದೂರು ಬಂತು. ಪರೀಕ್ಷಿಸಿದರೆ ಕಪ್ಪಿನಲ್ಲಿ ದೋಷವಿಲ್ಲ. ಪಕ್ಕದಲ್ಲಿ ನೇಯ್ದ ನೀಲಿ, ನೇರಳೆಗಳು ಅದನ್ನು ಹಾಗೆ ಕಾಣಿಸುತ್ತಿದ್ದವು. ನೆರೆಯ ಬಣ್ಣ ತನ್ನ ಪೂರಕದ ಛಾಯೆಯನ್ನು ಪಕ್ಕದ್ದರ ಮೇಲೆ ಚೆಲ್ಲುತ್ತದೆ ಎಂಬ ಅವನ ಪುಸ್ತಕ 1839ರಲ್ಲಿ ಬಂತು. ನಂಬಿಕೆಯಿಲ್ಲದಿದ್ದರೆ ಕೆಂಪು ದಾಸವಾಳವನ್ನು ಅರ್ಧ ನಿಮಿಷ ಎವೆಯಿಕ್ಕದೆ ನೋಡಿ ಬಿಳಿ ಗೋಡೆಯತ್ತ ತಿರುಗಿ. ಅಲ್ಲೊಂದು ಹಸಿರುನೀಲಿ ಹೂ ತೇಲುತ್ತದೆ. ಶಸ್ತ್ರಚಿಕಿತ್ಸೆಯ ಕೋಣೆಯಲ್ಲಿ ಹಸಿರು ನಿಲುವಂಗಿ ಇರುವುದರಲ್ಲಿ ಈ ಭೂತಹೂವಿನ ಪಾಲೂ ಇದೆ: ರಕ್ತವನ್ನೇ ನೋಡುತ್ತಿರುವ ಕಣ್ಣಿಗೆ ಬಿಳಿ ಬಟ್ಟೆಯ ಮೇಲೆ ಹಸಿರು ಕಲೆಗಳು ಕಾಡದಿರಲೆಂದು.

ಕೆಂಪು ಎಂದರೆ ರೌದ್ರ, ಹಸಿರು ಎಂದರೆ ಶಾಂತಿ ಎಂಬ ಪಟ್ಟಿಗಳ ಮೇಲೆ ನನಗೆ ಭರವಸೆಯಿಲ್ಲದಿರುವುದೂ ಇದರಿಂದಲೇ. ಮುಖಕ್ಕೆ ಬಣ್ಣ ಬಳಿದು ದೈವವಾಗಿ ಕುಣಿಯುವ ತೆಯ್ಯಂ ನೋಡಿದವರು ನೆನಪಿಸಿಕೊಳ್ಳಲಿ. ರಾತ್ರಿ ಸೂಟೆಯ ಬೆಳಕಿನಲ್ಲಿ ಆ ಕೆಂಪು ಮುಖ ಬೆಂಕಿಯದೇ ಒಂದು ತುಂಡಿನಂತೆ ಅದರೊಳಗೆ ಕರಗಿರುತ್ತದೆ. ಬೆಳಗಾಗಿ ಅದೇ ಮುಖ ಅಡಿಕೆ ತೋಟದ ಹಸಿರಿಗೆ ಎದುರಾಗಿ ನಿಂತಾಗ ಮಕ್ಕಳು ಅಮ್ಮನ ಸೆರಗು ಹಿಡಿಯುತ್ತಾರೆ. ಬಳಿದ ಬಣ್ಣ ಬದಲಾಗಿಲ್ಲ. ಅಂಗಳದಲ್ಲಿ ಹರಡಿದ ಹಣ್ಣಡಿಕೆಯೂ ಹಾಗೆಯೇ: ಸೆಗಣಿ ಸಾರಿಸಿದ ನೆಲದ ಮೇಲೆ ಸಾಧು, ನೀಲಿ ಟಾರ್ಪಾಲಿನ ಮೇಲೆ ಕೆಂಡ.

ಮದುವೆ ಮನೆಯವರಿಗೆ ಬೇಕಾಗಿದ್ದ ಪದ ‘ಹೊಂದುವ ಬಣ್ಣ’. ‘ಒಪ್ಪುವ ಬಣ್ಣ’ ಎಂದರೂ ಆಗುತ್ತಿತ್ತು. ಇನ್ನೂ ಸರಿಯಾಗಿ ಹೇಳುವುದಾದರೆ, ಮಾದರಿಯ ಚಿತ್ರಗಳೆಲ್ಲ ಹಸಿರೇ ಆಗಿದ್ದುದರಿಂದ, ‘ಹಸಿರು ಸೀರೆ ಉಟ್ಟು ಬನ್ನಿ’.