10,000 ಪೌಂಡ್ ಟ್ರೇಲರ್ ಎಳೆಯಲು ಪೆಟ್ರೋಲ್ ಪಿಕಪ್ ಸಾಕೆ, ಡೀಸೆಲ್ಲೇ ಬೇಕೆ?

ಪ್ರಶ್ನೆ: ನಾವು ಅಮೆರಿಕದಲ್ಲಿದ್ದೇವೆ. ಇಬ್ಬರು ಮಕ್ಕಳ ಸಂಸಾರ. ಸಾಮಾನು ತುಂಬಿದಾಗ ಸುಮಾರು 10,000 ಪೌಂಡ್ ತೂಗುವ ಟ್ರಾವೆಲ್ ಟ್ರೇಲರ್ ಎಳೆಯಲು ಮುಕ್ಕಾಲು ಟನ್ ಪಿಕಪ್ ಕೊಳ್ಳಬೇಕೆಂದಿದ್ದೇವೆ. ಡೀಸೆಲ್ ಎಂಜಿನ್ ಬೇಕಾದರೆ ಸುಮಾರು 10,000 ಡಾಲರ್ ಹೆಚ್ಚು ಕೊಡಬೇಕು ಎನ್ನುತ್ತಾರೆ. ಕೊಡಬೇಕೆ?

ಉತ್ತರ: ವರ್ಷಕ್ಕೆ ನಾಲ್ಕಾರು ಪ್ರವಾಸ, ಅದೂ ಹೆಚ್ಚಾಗಿ ಬಯಲು ಹೆದ್ದಾರಿಯಲ್ಲಿ ಎಂದಾದರೆ ಬೇಡ. ಪೆಟ್ರೋಲ್ ವಿ8 (ಎಂಟು ಸಿಲಿಂಡರಿನ ಎಂಜಿನ್) ಸಾಕು. ಕೊಲರಾಡೊದಂಥ ಕಡೆ ಎತ್ತರದ ಕಣಿವೆದಾರಿಗಳನ್ನು ಪದೇ ಪದೇ ಹತ್ತಿಳಿಯುವವರಿಗೆ, ಅಥವಾ ಟ್ರೇಲರ್ ತೂಕ 12,000 ಪೌಂಡ್ ದಾಟುವವರಿಗೆ ಡೀಸೆಲ್ ಸರಿಯಾದ ಆಯ್ಕೆ. ಆದರೆ ಆಗ 2500 ದರ್ಜೆಯ (ಮುಕ್ಕಾಲು ಟನ್) ಗಾಡಿಯ ಬದಲು 3500 ದರ್ಜೆಯದ್ದನ್ನು (ಒಂದು ಟನ್) ನೋಡಬೇಕಾಗಬಹುದು. ಕಾರಣ ಎಂಜಿನ್ನಿನಲ್ಲಿಲ್ಲ, ಬಾಗಿಲ ಚೌಕಟ್ಟಿಗೆ ಅಂಟಿಸಿದ ಒಂದು ಹಳದಿ ಚೀಟಿಯಲ್ಲಿದೆ.

ಅಮೆರಿಕದಲ್ಲಿ ‘ಗ್ಯಾಸ್’ ಎನ್ನುವುದನ್ನು ಇಲ್ಲಿ ಪೆಟ್ರೋಲ್ ಎಂದೇ ಬರೆದಿದ್ದೇವೆ. ಊರಿನಿಂದ ತಂದ ಒಂದು ನಂಬಿಕೆಯನ್ನೂ ಮೊದಲೇ ಬದಿಗಿಡಬೇಕು. ಲಾರಿ, ಟ್ರ್ಯಾಕ್ಟರ್, ಜೀಪು ಎಲ್ಲವೂ ಡೀಸೆಲ್ಲಿನಲ್ಲಿ ಓಡುವುದನ್ನು ನೋಡಿ ಬೆಳೆದ ನಮಗೆ ಡೀಸೆಲ್ ಅಂದರೆ ಅಗ್ಗ. ಅಮೆರಿಕದಲ್ಲಿ ಸಾಮಾನ್ಯವಾಗಿ ಅದೇ ದುಬಾರಿ. ಫೆಡರಲ್ ತೆರಿಗೆಯೇ ಗ್ಯಾಲನ್‌ಗೆ ಪೆಟ್ರೋಲಿನ ಮೇಲೆ 18.4 ಸೆಂಟ್, ಡೀಸೆಲ್ ಮೇಲೆ 24.4 ಸೆಂಟ್.

ಮೊದಲು ಚೀಟಿ

ಚಾಲಕನ ಬಾಗಿಲು ತೆರೆದರೆ ಚೌಕಟ್ಟಿನಲ್ಲಿ ಹಳದಿ ಬಣ್ಣದ ಚೀಟಿ ಕಾಣುತ್ತದೆ. ಜನ ಮತ್ತು ಸಾಮಾನು ಸೇರಿ ಇಷ್ಟು ಪೌಂಡ್ ಮೀರಬಾರದು ಎಂದು ಅದರಲ್ಲಿ ಬರೆದಿರುತ್ತದೆ. ಇದೇ ಪೇಲೋಡ್. ಜಾಹೀರಾತಿನಲ್ಲಿ ದೊಡ್ಡದಾಗಿ ಹಾಕುವ ‘ಇಷ್ಟು ಸಾವಿರ ಪೌಂಡ್ ಎಳೆಯುತ್ತದೆ’ ಎಂಬ ಅಂಕಿಗಿಂತ ನಿಮ್ಮ ಕುಟುಂಬಕ್ಕೆ ಬೇಕಾದದ್ದು ಈ ಅಂಕಿ. ಟ್ರೇಲರಿನ ಮೂತಿ ಹಿಚ್ (ಗಾಡಿಯ ಹಿಂದಿನ ಕೊಂಡಿ) ಮೇಲೆ ಒತ್ತುವ ಭಾರವನ್ನು ಗಾಡಿಯೇ ಹೊರಬೇಕು. ಟ್ರಾವೆಲ್ ಟ್ರೇಲರಿನಲ್ಲಿ ಆ ಭಾರ ಒಟ್ಟು ತೂಕದ ಶೇ. 10ರಿಂದ 15, ಪಿಕಪ್ ತೊಟ್ಟಿಯೊಳಗೆ ಕೊಂಡಿ ಕೂರುವ ‘ಫಿಫ್ತ್ ವೀಲ್’ ಬಗೆಯ ಟ್ರೇಲರಿನಲ್ಲಿ ಶೇ. 20ರ ಆಸುಪಾಸು.

ನಿಮ್ಮ ಲೆಕ್ಕ ಮಾಡೋಣ. 10,000 ಪೌಂಡಿಗೆ ಶೇ. 13 ಎಂದರೆ 1,300. ಮೂತಿಯ ಭಾರವನ್ನು ಮುಂದಿನ ಚಕ್ರಗಳಿಗೂ ಹಂಚುವ ವೇಟ್ ಡಿಸ್ಟ್ರಿಬ್ಯೂಷನ್ ಹಿಚ್ ಸುಮಾರು 100. ನಾಲ್ಕು ಜನ 550. ತೊಟ್ಟಿಯಲ್ಲಿ ಸೈಕಲ್, ಸೌದೆ, ಜನರೇಟರ್ ಸೇರಿ 250. ಒಟ್ಟು 2,200 ಪೌಂಡ್. ನಾಲ್ಕು ಬಾಗಿಲಿನ, ಫೋರ್ ವೀಲ್ ಡ್ರೈವ್ ಇರುವ, ಸೌಕರ್ಯ ಹೆಚ್ಚಿರುವ ಮುಕ್ಕಾಲು ಟನ್ ಡೀಸೆಲ್ ಗಾಡಿಗಳಲ್ಲಿ ಹಲವಕ್ಕೆ ಆ ಚೀಟಿಯ ಅಂಕಿ 2,000ದ ಸುತ್ತಮುತ್ತ ಇರುತ್ತದೆ. ಅದೇ ಗಾಡಿಯ ಪೆಟ್ರೋಲ್ ರೂಪದಲ್ಲಿ 3,000ದ ಹತ್ತಿರ ಬರುವುದುಂಟು. ಡೀಸೆಲ್ ಎಂಜಿನ್, ಅದರ ಟರ್ಬೊ, ಕೂಲಿಂಗ್, ಹೊಗೆ ಶುದ್ಧೀಕರಣದ ಸಾಮಾನು ಎಲ್ಲ ಸೇರಿ ನೂರಾರು ಪೌಂಡ್ ಹೆಚ್ಚು ತೂಗುತ್ತವೆ. ಆದರೆ ಇಂಥ ಹಲವು ಗಾಡಿಗಳ ಒಟ್ಟು ತೂಕದ ಮಿತಿ ಮಾತ್ರ 10,000 ಪೌಂಡಿಗೇ ನಿಂತಿರುತ್ತದೆ. ಹೆಚ್ಚಿನ ತೂಕವೆಲ್ಲ ಪೇಲೋಡಿನಿಂದಲೇ ಕಳೆಯುತ್ತದೆ. ಹೀಗೆ 10,000 ಡಾಲರ್ ಹೆಚ್ಚು ಕೊಟ್ಟು ತಂದ ಗಾಡಿ ಸಲೀಸಾಗಿ ಎಳೆಯುತ್ತದೆ, ಹೊರಲು ಮಾತ್ರ ಚೀಟಿಯ ಮಿತಿ ಸಾಲುವುದಿಲ್ಲ. 12,000 ಪೌಂಡಿನ ಫಿಫ್ತ್ ವೀಲ್ ಆದರೆ ತೊಟ್ಟಿಯ ಮೇಲೆ ಒತ್ತುವ ಭಾರವೇ 2,400. 2500 ದರ್ಜೆಯ ಡೀಸೆಲ್ಲಿನಲ್ಲಿ ಚಾಲಕ ಹತ್ತುವ ಮೊದಲೇ ಮಿತಿ ದಾಟಿರಬಹುದು. ಹಿಂದಿನ ಸ್ಪ್ರಿಂಗ್ ಗಟ್ಟಿಯಿರುವ 3500 ಇರುವುದೇ ಇದಕ್ಕೆ.

ಒಂದೇ ಮಾದರಿಯ ಎರಡು ಗಾಡಿಗಳ ಚೀಟಿಯಲ್ಲೂ 300, 400 ಪೌಂಡ್ ವ್ಯತ್ಯಾಸ ಇರುತ್ತದೆ. ಸನ್‌ರೂಫ್, ತಾನೇ ಇಳಿಯುವ ಮೆಟ್ಟಿಲು, ದೊಡ್ಡ ಚಕ್ರ ಎಲ್ಲವೂ ಅದನ್ನು ತಿನ್ನುತ್ತವೆ. ಹಾಗಾಗಿ ನೀವು ಕೊಳ್ಳುವ ಆ ಗಾಡಿಯ ಚೀಟಿಯ ಫೋಟೊ ಇಲ್ಲದೆ ಮುಂಗಡ ಕೊಡಬೇಡಿ.

ಟ್ರೇಲರಿನ ತೂಕವನ್ನೂ ಕರಪತ್ರದ ‘ಡ್ರೈ ವೇಟ್’ (ಖಾಲಿ ತೂಕ) ನೋಡಿ ನಂಬುವಂತಿಲ್ಲ. ನೀರು ಗ್ಯಾಲನ್‌ಗೆ 8.3 ಪೌಂಡ್. 50 ಗ್ಯಾಲನ್ ಟ್ಯಾಂಕ್ ತುಂಬಿದರೆ 415 ಪೌಂಡ್ ಸೇರಿತು. ಬ್ಯಾಟರಿ, ಪ್ರೊಪೇನ್, ಪಾತ್ರೆ, ಹಾಸಿಗೆ ಬೇರೆ. ಲೆಕ್ಕಕ್ಕೆ ಟ್ರೇಲರಿನ ಗರಿಷ್ಠ ಒಟ್ಟು ತೂಕವನ್ನೇ ತೆಗೆದುಕೊಳ್ಳಿ. ಟ್ರೇಲರ್ ಈಗಾಗಲೇ ಮನೆಯಲ್ಲಿದ್ದರೆ ಟ್ರಕ್ ಸ್ಟಾಪಿನ ಕ್ಯಾಟ್ ಸ್ಕೇಲಿಗೆ (ಲಾರಿ ತೂಗುವ ವೇಬ್ರಿಡ್ಜ್) ಒಯ್ಯಿರಿ. ಟ್ಯಾಂಕ್ ತುಂಬಿಸಿ, ಮನೆಯವರನ್ನೆಲ್ಲ ಕೂರಿಸಿ, ಮುಂದಿನ ಚಕ್ರ ಮೊದಲ ಹಲಗೆಯ ಮೇಲೆ, ಹಿಂದಿನ ಚಕ್ರ ಎರಡನೆಯದರ ಮೇಲೆ, ಟ್ರೇಲರಿನ ಚಕ್ರಗಳು ಮೂರನೆಯದರ ಮೇಲೆ ಬರುವಂತೆ ನಿಲ್ಲಿಸಿ, ಹಿಚ್ಚಿನ ಭಾರ ಹಂಚುವ ಸ್ಪ್ರಿಂಗ್ ಬಾರ್‌ಗಳನ್ನು ಬಿಚ್ಚಿ ಒಮ್ಮೆ ತೂಗಿ. ಆಮೇಲೆ ಟ್ರೇಲರ್ ಬಿಚ್ಚಿಟ್ಟು ಗಾಡಿಯೊಂದನ್ನೇ ತೂಗಿ. ಮೊದಲ ತೂಕದಲ್ಲಿ ಗಾಡಿಯ ಎರಡು ಆಕ್ಸಲ್‌ಗಳ ಮೊತ್ತದಿಂದ ಎರಡನೆಯ ತೂಕ ಕಳೆದರೆ ಮೂತಿಯ ನಿಜವಾದ ಭಾರ ಸಿಗುತ್ತದೆ.

ಏರಿನಲ್ಲಿ ಏನಾಗುತ್ತದೆ

ಹೋಲಿಕೆಗೆ ಜನರಲ್ ಮೋಟಾರ್ಸ್‌ನ 2500 ಪಿಕಪ್ ಅನುಕೂಲ, ಏಕೆಂದರೆ ಅದರ ಎರಡೂ ಎಂಜಿನ್ 6.6 ಲೀಟರಿನವೇ. 2024ರ ಮಾದರಿಯಿಂದ ಎರಡಕ್ಕೂ ಹತ್ತು ಗೇರಿನ ಆಲಿಸನ್ ಗೇರ್‌ಬಾಕ್ಸ್. ಪೆಟ್ರೋಲ್ ವಿ8: 401 ಎಚ್‌ಪಿ, 464 ಪೌಂಡ್-ಫೀಟ್ ಟಾರ್ಕ್ 4,000 ಆರ್‌ಪಿಎಂನಲ್ಲಿ. ಡ್ಯುರಾಮ್ಯಾಕ್ಸ್ ಡೀಸೆಲ್: 470 ಎಚ್‌ಪಿ, 975 ಪೌಂಡ್-ಫೀಟ್ ಬರೇ 1,600 ಆರ್‌ಪಿಎಂನಲ್ಲಿ. ಟಾರ್ಕನ್ನು ಆರ್‌ಪಿಎಂನಿಂದ ಗುಣಿಸಿ 5,252ರಿಂದ ಭಾಗಿಸಿದರೆ ಎಚ್‌ಪಿ. ಹಾಗೆ ನೋಡಿದರೆ ಡೀಸೆಲ್ 1,600 ಸುತ್ತಿನಲ್ಲೇ 297 ಎಚ್‌ಪಿ ಕೊಡುತ್ತದೆ. ಪೆಟ್ರೋಲ್ ಎಂಜಿನ್ ಅಷ್ಟನ್ನು ಕೊಡಲು 3,500 ಸುತ್ತಿನ ಹತ್ತಿರ ಹೋಗಬೇಕು. ಏರಿನಲ್ಲಿ ಒಂದು ಗುನುಗುತ್ತದೆ, ಇನ್ನೊಂದು ಕೂಗುತ್ತದೆ. ಕೂಗಿದರೆ ಕೆಡುವುದಿಲ್ಲ. 4,500 ಆರ್‌ಪಿಎಂನಲ್ಲಿ ಹತ್ತು ನಿಮಿಷ ಏರುವುದಕ್ಕೇ ಆ ವಿ8ಗಳನ್ನು ಕಟ್ಟಿರುವುದು. ಸದ್ದಿಗೆ ಹೆದರಿ ಆಕ್ಸಿಲರೇಟರ್ ಬಿಟ್ಟು ಲಾರಿಗಳ ಹಿಂದೆ ತೆವಳುವವರೇ ಹೆಚ್ಚು.

ಎಷ್ಟು ಶಕ್ತಿ ಬೇಕು ಎಂಬುದನ್ನೂ ಲೆಕ್ಕ ಹಾಕಬಹುದು. ಗಾಡಿ 8,000, ಟ್ರೇಲರ್ 10,000, ಒಟ್ಟು 18,000 ಪೌಂಡ್. ಶೇ. 7ರ ಏರಿನಲ್ಲಿ ಹಿಂದಕ್ಕೆ ಜಗ್ಗುವ ಬಲ 1,260 ಪೌಂಡ್. ಗಂಟೆಗೆ 55 ಮೈಲಿಯಲ್ಲಿ 1,260 ಗುಣಿಸು 55, ಭಾಗಿಸು 375: ಏರಿಗೇ 185 ಎಚ್‌ಪಿ. ಗೋಡೆಯಂತೆ ನಿಂತ ಟ್ರೇಲರ್ ಗಾಳಿ ಸೀಳುವುದಕ್ಕೆ ಮತ್ತು ಟೈರುಗಳ ಉರುಳಿಗೆ ಇನ್ನೊಂದು 60, 70. ಚಕ್ರದ ಬಳಿ 250 ಎಚ್‌ಪಿ ಬೇಕಾಯಿತು. ಸಮುದ್ರಮಟ್ಟದಲ್ಲಿ 401 ಎಚ್‌ಪಿ ವಿ8 ಇದನ್ನು ಧಾರಾಳವಾಗಿ ಕೊಡುತ್ತದೆ.

ಎತ್ತರ ಏರಿದಂತೆ ಈ ಚಿತ್ರ ಬದಲಾಗುತ್ತದೆ. ಟರ್ಬೊ ಇಲ್ಲದ ಎಂಜಿನ್ ಪ್ರತಿ 1,000 ಅಡಿಗೆ ಸುಮಾರು ಶೇ. 3ರಷ್ಟು ಶಕ್ತಿ ಕಳೆದುಕೊಳ್ಳುತ್ತದೆ, ಗಾಳಿ ತೆಳ್ಳಗಾಗುವುದರಿಂದ. ಕೊಲರಾಡೊದ ಐ-70 ಹೆದ್ದಾರಿಯ ಐಸೆನ್‌ಹೋವರ್ ಸುರಂಗ 11,158 ಅಡಿಯಲ್ಲಿದೆ. ಅಲ್ಲಿ 401 ಎಚ್‌ಪಿ ಸುಮಾರು 270ಕ್ಕೆ ಇಳಿದಿರುತ್ತದೆ, ಚಕ್ರ ತಲುಪುವಾಗ 230. ವೇಗ 50 ಮೈಲಿಯ ಆಸುಪಾಸಿಗೆ ಬೀಳುತ್ತದೆ, ಬಲಗಡೆಯ ಲೇನ್ ಹಿಡಿಯಬೇಕು. ಡೀಸೆಲ್ಲಿನ ಟರ್ಬೊ ತೆಳು ಗಾಳಿಯನ್ನು ಒತ್ತಿ ತುಂಬುವುದರಿಂದ ಅದಕ್ಕೆ ಆ ಎತ್ತರ ಹೆಚ್ಚು ತಟ್ಟುವುದಿಲ್ಲ. ಟೆಕ್ಸಸ್, ಇಲಿನಾಯ್, ಫ್ಲೋರಿಡಾದಲ್ಲಿರುವವರು ಈ ಒಂದು ಗುಣಕ್ಕೆ 10,000 ಡಾಲರ್ ತೆರುವುದರಲ್ಲಿ ಅರ್ಥವಿಲ್ಲ. ಡೆನ್ವರಿನಿಂದ ಪ್ರತಿ ವಾರಾಂತ್ಯ ಪಶ್ಚಿಮಕ್ಕೆ ಹೋಗುವವರು ತೆರಬಹುದು.

ಪೆಟ್ರೋಲ್ ಆಯ್ದರೆ ಹಿಂದಿನ ಆಕ್ಸಲ್‌ನ ಗೇರ್ ಅನುಪಾತ ನೋಡಿ, ಅಂಕಿ ದೊಡ್ಡದಾದಷ್ಟೂ ಎಳೆತ ಹೆಚ್ಚು. ಫೋರ್ಡ್ ಸೂಪರ್ ಡ್ಯೂಟಿಯ ಪೆಟ್ರೋಲ್ ವಿ8ಗೆ 4.30, ರ‍್ಯಾಮ್ 2500ರ 6.4 ಲೀಟರ್ ಹೆಮಿಗೆ 4.10 ಸಿಗುತ್ತದೆ. ಟ್ರೇಲರ್ ಎಳೆಯಲು ಅದೇ ಬೇಕು. ಡೀಲರ್ ಅಂಗಳದಲ್ಲಿ ಸಿದ್ಧವಿರುವುದು 3.73 ಎಂದು ಒಪ್ಪಿಕೊಂಡರೆ ಪ್ರತಿ ಏರಿನಲ್ಲೂ ಅದರ ಕೊರತೆ ಕಾಣುತ್ತದೆ.

ಇಳಿಯುವಾಗ

ಡೀಸೆಲ್ಲಿನ ಪರವಾಗಿ ನಮಗೆ ಎಲ್ಲಕ್ಕಿಂತ ಗಟ್ಟಿಯಾಗಿ ಕಾಣುವ ಕಾರಣ ಇದೇ. ಡೀಸೆಲ್ ಎಂಜಿನ್ ಗಾಳಿಯನ್ನು ಥ್ರಾಟಲ್‌ನಿಂದ ತಡೆಯುವುದಿಲ್ಲವಾದ್ದರಿಂದ ಇಳಿಜಾರಿನಲ್ಲಿ ಗಾಡಿಯ ವೇಗವನ್ನು ತಾನಾಗಿ ಅಷ್ಟೇನೂ ಹಿಡಿಯುವುದಿಲ್ಲ. ಆದರೆ ಈಗಿನ ದೊಡ್ಡ ಡೀಸೆಲ್ ಪಿಕಪ್‌ಗಳಲ್ಲಿ ಟರ್ಬೊದ ರೆಕ್ಕೆಗಳನ್ನೇ ಮುಚ್ಚಿ ಹೊಗೆಯ ದಾರಿ ಕಟ್ಟುವ ಎಕ್ಸಾಸ್ಟ್ ಬ್ರೇಕ್ ಇದೆ. ಒಂದು ಬಟನ್ ಒತ್ತಿದರೆ ಉದ್ದ ಇಳಿಜಾರಿನಲ್ಲೂ ಪೆಡಲ್ ಮುಟ್ಟುವ ಪ್ರಸಂಗ ಕಡಿಮೆ. ಪೆಟ್ರೋಲ್ ಗಾಡಿಯಲ್ಲಿ ಎಳೆತಕ್ಕೆಂದೇ ಇರುವ ಟೋ-ಹಾಲ್ ಮೋಡ್ ಗೇರ್ ಇಳಿಸಿ 4,000 ಆರ್‌ಪಿಎಂಗೂ ಮೇಲಕ್ಕೆ ಒಯ್ದು ಹಿಡಿಯುತ್ತದೆ. ಸಾಕಾಗುತ್ತದೆ, ಆದರೆ ಚಾಲಕ ಕೆಲಸ ಮಾಡಬೇಕು. ಘಾಟಿಯ ಲಾರಿ ಚಾಲಕರು ಹೇಳುವ ಪಾಠವೇ ಇಲ್ಲೂ: ಹತ್ತಿದ ಗೇರಿನಲ್ಲೇ ಇಳಿ. ನೆತ್ತಿ ದಾಟುವ ಮೊದಲೇ ಗೇರ್ ಇಳಿಸಿ. ವೇಗ ಏರಿದರೆ ಒಮ್ಮೆ ಗಟ್ಟಿಯಾಗಿ ಬ್ರೇಕ್ ಒತ್ತಿ 10 ಮೈಲಿ ತಗ್ಗಿಸಿ ಪೂರ್ತಿ ಬಿಟ್ಟುಬಿಡಿ. ಪೆಡಲ್ ಮೇಲೆ ಕಾಲಿಟ್ಟುಕೊಂಡೇ ಇಳಿದರೆ ಡಿಸ್ಕ್ ಕಾದು ಬ್ರೇಕ್ ಹಿಡಿಯದಂತಾಗುತ್ತದೆ. ಎಂಜಿನ್ ಯಾವುದೇ ಇರಲಿ, ಟ್ರೇಲರಿನ ಬ್ರೇಕ್ ಎಷ್ಟು ಹಿಡಿಯಬೇಕೆಂದು ನಿಗದಿಮಾಡುವ ಬ್ರೇಕ್ ಕಂಟ್ರೋಲರ್ ಹೊಂದಿಸದೆ ಹೊರಡಬೇಡಿ: ಖಾಲಿ ಜಾಗದಲ್ಲಿ 20, 25 ಮೈಲಿ ವೇಗದಲ್ಲಿ ಆ ಕಂಟ್ರೋಲರಿನ ಲಿವರನ್ನು ಕೈಯಿಂದ ಅದುಮಿ, ಟ್ರೇಲರ್ ಚಕ್ರ ಇನ್ನೇನು ಜಾಮ್ ಆಗುತ್ತದೆ ಎನ್ನುವುದಕ್ಕಿಂತ ಸ್ವಲ್ಪ ಕೆಳಗೆ ಗೇನ್ (ಬ್ರೇಕ್ ಹಿಡಿತದ ಮಟ್ಟ) ನಿಲ್ಲಿಸಿ.

ಹಣ

ಗ್ಯಾಲನ್ ಡೀಸೆಲ್ಲಿನಲ್ಲಿ ಪೆಟ್ರೋಲಿಗಿಂತ ಶೇ. 12, 13ರಷ್ಟು ಹೆಚ್ಚು ಶಕ್ತಿ ಇದೆ, ಎಂಜಿನ್ನೂ ಅದನ್ನು ಇನ್ನಷ್ಟು ಚೆನ್ನಾಗಿ ಬಳಸುತ್ತದೆ. ಇಂಥ ಟ್ರೇಲರ್ ಕಟ್ಟಿಕೊಂಡು ಗ್ಯಾಲನ್‌ಗೆ ಪೆಟ್ರೋಲ್ 8, ಡೀಸೆಲ್ 11 ಮೈಲಿ. ಖಾಲಿ ಓಡಿದರೆ 14 ಮತ್ತು 18 ಎಂದಿಟ್ಟುಕೊಳ್ಳಿ. ವರ್ಷಕ್ಕೆ ಎಳೆತ 5,000 ಮೈಲಿ, ಖಾಲಿ 8,000. ಪೆಟ್ರೋಲ್ 1,196 ಗ್ಯಾಲನ್, ಡೀಸೆಲ್ 899. ಪೆಟ್ರೋಲ್ 3.20, ಡೀಸೆಲ್ 3.80 ಡಾಲರ್ ಆದರೆ ಖರ್ಚು 3,827 ಮತ್ತು 3,416. ಡೀಸೆಲ್ ಗಾಡಿಯ ಇನ್ನೊಂದು ಟ್ಯಾಂಕಿಗೆ ಹಾಕಬೇಕಾದ, ಹೊಗೆ ಶುದ್ಧೀಕರಿಸುವ ಡಿಇಎಫ್ ದ್ರವಕ್ಕೆ 90 ಡಾಲರ್ ಕಳೆದರೆ ಉಳಿತಾಯ 320. ಡೀಸೆಲ್ಲಿಗೆ ಆಯಿಲ್ 10ರಿಂದ 13 ಕ್ವಾರ್ಟ್ ಬೇಕು, ಇಂಧನ ಫಿಲ್ಟರ್ ಬೇರೆ. ಆ 320 ಅಲ್ಲಿಗೇ ಹೋಯಿತು. ಇಂಧನದ ಉಳಿತಾಯದಿಂದ 10,000 ಡಾಲರ್ ಮರಳಿ ಬರುವುದಿಲ್ಲ. ಮಾರುವಾಗ ಡೀಸೆಲ್ಲಿಗೆ ಬೆಲೆ ಹೆಚ್ಚು ಸಿಗುತ್ತದೆ, ಸ್ವಲ್ಪ ಅಲ್ಲಿ ಬರುತ್ತದೆ. ನಿಮ್ಮ ಊರಿನ ದರ ಹಾಕಿ ಇದೇ ಲೆಕ್ಕ ಮಾಡಿ ನೋಡಿ.

ಡೀಸೆಲ್ ಕೆಡುವ ಬಗೆ

ಟ್ರೇಲರ್ ಎಳೆದಾಗ ಡೀಸೆಲ್ ಕೆಡುವುದು ಅಪರೂಪ. ಅದು ಕೆಡುವುದು ಮಕ್ಕಳನ್ನು ಮೂರು ಮೈಲಿ ದೂರದ ಶಾಲೆಗೆ ಬಿಟ್ಟುಬರುವಾಗ. ಹೊಗೆಯ ಮಸಿಯನ್ನು ಹಿಡಿಯುವ ಡಿಪಿಎಫ್ ಫಿಲ್ಟರ್ ಆಗಾಗ ಕಾದು ಆ ಮಸಿಯನ್ನು ಸುಡಬೇಕು. ಅದಕ್ಕೆ ಹೆದ್ದಾರಿಯಲ್ಲಿ 20, 30 ನಿಮಿಷದ ಎಡೆಬಿಡದ ಓಟ ಬೇಕು. ಅದು ಸಿಗದೆ ಅರ್ಧಕ್ಕೇ ನಿಲ್ಲುತ್ತಿದ್ದರೆ ಮಸಿ ಕಟ್ಟಿಕೊಳ್ಳುತ್ತದೆ. ಕೊನೆಗೆ ಹಳದಿ ದೀಪ, ಆಮೇಲೆ ಸಾವಿರಾರು ಡಾಲರಿನ ಬಿಲ್. ವಾರಕ್ಕೊಮ್ಮೆಯಾದರೂ ಗಾಡಿಯನ್ನು ಹೆದ್ದಾರಿಗೆ ಒಯ್ಯಲಾಗದವರು ಪೆಟ್ರೋಲೇ ಕೊಳ್ಳಲಿ.

ಚಳಿಯಲ್ಲಿ ಡೀಸೆಲ್ಲಿನ ಮೇಣ ಹೆಪ್ಪುಗಟ್ಟಿ ಫಿಲ್ಟರ್ ಮುಚ್ಚುತ್ತದೆ. ಉತ್ತರದ ಬಂಕುಗಳಲ್ಲಿ ಚಳಿಗಾಲದ ಮಿಶ್ರಣವೇ ಸಿಗುತ್ತದೆ. ಸಿಕ್ಕಿಬೀಳುವುದು ಅರಿಜೋನಾದಲ್ಲಿ ತುಂಬಿಸಿಕೊಂಡು ಹಿಮದ ಊರಿಗೆ ಹೋಗುವವರು. ಹೆಪ್ಪು ತಡೆಯುವ ಆ್ಯಂಟಿ-ಜೆಲ್ ದ್ರವವನ್ನು ಹೆಪ್ಪುಗಟ್ಟುವ ಮುಂಚೆ, ಇಂಧನ ಬೆಚ್ಚಗಿರುವಾಗಲೇ ಹಾಕಬೇಕು. ಡಿಇಎಫ್ ಮೈನಸ್ 11 ಡಿಗ್ರಿ ಸೆಲ್ಸಿಯಸ್‌ನಲ್ಲಿ ಗಟ್ಟಿಯಾಗುತ್ತದೆ, ಆದರೆ ಅದರ ಟ್ಯಾಂಕಿಗೆ ಹೀಟರ್ ಇರುವುದರಿಂದ ಚಿಂತೆಯಿಲ್ಲ.

ಬಂಕಿನಲ್ಲಿ ಬಣ್ಣ ನಂಬಬೇಡಿ. ಅಮೆರಿಕದಲ್ಲಿ ಡೀಸೆಲ್ ಹಿಡಿ ಸಾಮಾನ್ಯವಾಗಿ ಹಸಿರು, ಆದರೆ ಬಿಪಿ ಬಂಕುಗಳಲ್ಲಿ ಪೆಟ್ರೋಲಿನ ಹಿಡಿಯೇ ಹಸಿರು. ಅಕ್ಷರ ಓದಿ. ಡೀಸೆಲ್ ಗಾಡಿಗೆ ಪೆಟ್ರೋಲ್ ಹಾಕಿಬಿಟ್ಟರೆ ಕೀ ತಿರುಗಿಸಬೇಡಿ. ಟ್ಯಾಂಕ್ ಖಾಲಿ ಮಾಡಿಸಿದರೆ ಅಲ್ಲಿಗೇ ಮುಗಿಯುತ್ತದೆ. ಹೈ ಪ್ರೆಷರ್ ಪಂಪಿಗೆ ಡೀಸೆಲ್ಲೇ ಜಾರೆಣ್ಣೆ. ಪೆಟ್ರೋಲಿನಲ್ಲಿ ಓಡಿದರೆ ಲೋಹ ಸವೆದು ಪುಡಿ ಇಂಜೆಕ್ಟರ್‌ಗಳವರೆಗೂ ಹೋಗುತ್ತದೆ, ಇಡೀ ಇಂಧನ ವ್ಯವಸ್ಥೆ ಬದಲಿಸಬೇಕಾಗುತ್ತದೆ. ನೀಲಿ ಮುಚ್ಚಳದ ಡಿಇಎಫ್ ಡೀಸೆಲ್ ಟ್ಯಾಂಕಿಗೆ ಬಿದ್ದರೂ ಇದೇ ಗತಿ.

ಒಂದು ಅನುಕೂಲವನ್ನು ಹೇಳದೆ ಬಿಡಲಾಗದು. 30 ಅಡಿ ಟ್ರೇಲರ್ ಕಟ್ಟಿಕೊಂಡು ಕಾರುಗಳ ನಡುವೆ ಪೆಟ್ರೋಲ್ ಪಂಪಿಗೆ ನುಗ್ಗುವುದು ಸುಲಭವಲ್ಲ, ಅದೂ 34 ಗ್ಯಾಲನ್ ಟ್ಯಾಂಕಿನಲ್ಲಿ 220 ಮೈಲಿಗೊಮ್ಮೆ. ಡೀಸೆಲ್ ಗಾಡಿ ಟ್ರಕ್ ಸ್ಟಾಪಿನ ಲಾರಿ ಲೇನಿಗೆ ನೇರ ಹೋಗಬಹುದು. ಅಲ್ಲಿ ಡಿಇಎಫ್ ಕೂಡ ಪಂಪಿನಲ್ಲೇ, ಅಂಗಡಿಯ ಡಬ್ಬಿಗಿಂತ ಅಗ್ಗಕ್ಕೆ ಸಿಗುತ್ತದೆ.

ಹಳೆಯ ಡೀಸೆಲ್ ಗಾಡಿ ನೋಡಲು ಹೋದಾಗ ಟಾರ್ಚ್ ಒಯ್ದು ಕೆಳಗೆ ಬಗ್ಗಿ ನೋಡಿ. ಎಂಜಿನ್ನಿಂದ ಹಿಂದಕ್ಕೆ ಹೋಗುವ ಪೈಪಿನಲ್ಲಿ ಡಿಪಿಎಫ್‌ನ ದಪ್ಪ ಡಬ್ಬಿಗಳು ಇರಬೇಕು. ಬರೀ ನೇರ ಪೈಪ್ ಕಂಡರೆ ಅದನ್ನು ‘ಡಿಲೀಟ್’ ಮಾಡಿದ್ದಾರೆ ಎಂದರ್ಥ. ಅದು ಫೆಡರಲ್ ಕಾನೂನಿಗೆ ವಿರುದ್ಧ. ಹೊಗೆ ತಪಾಸಣೆ ಇರುವ ರಾಜ್ಯದಲ್ಲಿ ಪಾಸಾಗುವುದಿಲ್ಲ, ಎಲ್ಲವನ್ನೂ ಮತ್ತೆ ಹಾಕಿಸುವ ಖರ್ಚು ನಿಮ್ಮ ತಲೆಗೇ ಬರುತ್ತದೆ. ಬೆಲೆ ಎಷ್ಟೇ ಇಳಿಸಿದರೂ ಅಂಥದ್ದನ್ನು ಬಿಟ್ಟು ಮುಂದಿನ ಗಾಡಿ ನೋಡಿ.